ಪೆನ್ಸಿಲ್ ಗುರುತು ಹಾಕಿದ ಜಾಗ

ಮಾನ್ವಿ
ತಾ. 14-11-2025, ಶುಕ್ರವಾರ

ಪ್ರೀತಿಯ ಮೌನೇಶ್ವರಿಗೆ ನಿನ್ನ ತಾತನ ಆಶೀರ್ವಾದಗಳು.

ಹೇಗಿದ್ದೀಯವ್ವಾ? ಹಾಸ್ಟೆಲಿನ ಊಟ ಮೈಗೆ ಹತ್ತುತ್ತಿದೆಯೋ, ಇಲ್ಲ ಅದೇ ನೀರುಸಾರು, ಅರೆಬೆಂದ ಅನ್ನವೋ? ದೀಪಾವಳಿಗೆ ಬಂದಾಗ ನಿನ್ನ ಕೊರಳ ಎಲುಬುಗಳು ಎದ್ದು ಕಾಣುತ್ತಿದ್ದವು. ನೋಡಿದೆ, ಆದರೆ ಕೇಳಲಿಲ್ಲ. ಆಗ ನನ್ನ ಕಣ್ಣು ಬೇರೇನನ್ನೋ ಹುಡುಕುತ್ತಿತ್ತು. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಇದ್ದರೆ ಬೆಳಿಗ್ಗೆ ಏನಾದರೂ ತಿಂದೇ ಮಲಗು, ಖಾಲಿ ಹೊಟ್ಟೆಯಲ್ಲಿ ಮಲಗಬೇಡ. ನಿನ್ನ ಕೋಣೆಯ ಗೆಳತಿ ಮೆಹನಾಜ್ ಹೇಗಿದ್ದಾಳೆ? ಆಕೆಗೂ ನಾನು ಹೇಳಬೇಕಾದ ಮಾತು ಒಂದಿದೆ, ಮುಂದೆ ಬರುತ್ತದೆ. ಇಲ್ಲಿ ನಾನು ಮೊಣಕಾಲು ಬಿಟ್ಟರೆ ಗಟ್ಟಿಯಾಗಿದ್ದೇನೆ. ನಿನ್ನ ಅವ್ವ ದುರುಗಮ್ಮ ನೀರಮಾನ್ವಿ ಕಡೆ ಹತ್ತಿ ಬಿಡಿಸಲು ಹೋಗುತ್ತಿದ್ದಾಳೆ. ಸೊಂಟ ಈಗ ಪರವಾಗಿಲ್ಲ, ಬೆರಳ ತುದಿಗಳು ಮಾತ್ರ ಒಡೆದು ಹೋಗಿವೆ. ಸಂಜೆ ಬಂದು ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಸುಮ್ಮನೆ ಕೂಡುತ್ತಾಳೆ. ನನ್ನ ಜೊತೆ ಮಾತು ಕಡಿಮೆ.

ನಿನ್ನ ಹೊಸ ನಂಬರಿಗೆ ಹನ್ನೊಂದು ಸಲ ಫೋನ್ ಹಚ್ಚಿದೆ. ನೀನು ಎತ್ತಲಿಲ್ಲ. ಸರಿಯಾಗಿಯೇ ಮಾಡಿದೆ, ನಿನ್ನ ಜಾಗದಲ್ಲಿ ನಾನಿದ್ದಿದ್ದರೆ ಎತ್ತಿ, ಬೈದು, ಆಮೇಲೆ ಇಡುತ್ತಿದ್ದೆ. ಅದಕ್ಕೇ ಈ ಕಾಗದ. ಕಾಗದವನ್ನು ಕಟ್ ಮಾಡಲು ಬರುವುದಿಲ್ಲ. ಹರಿದು ಒಗೆಯುತ್ತೇನೆಂದರೂ ಅದಕ್ಕೆ ಮೊದಲು ಒಂದೆರಡು ಸಾಲು ಕಣ್ಣಿಗೆ ಬಿದ್ದೇ ಬೀಳುತ್ತವೆ. ನಲವತ್ತು ವರ್ಷ ತಹಶೀಲ್ ಕಚೇರಿಯ ಮುಂದೆ ಬೇವಿನ ಮರದಡಿ ಕೂತು ಅರ್ಜಿ ಬರೆದವನು ನಾನು, ಇಷ್ಟು ಗೊತ್ತಿಲ್ಲವೇ! ವಿಧವಾ ವೇತನ, ವೃದ್ಧಾಪ್ಯ ವೇತನ, ರೇಷನ್ ಕಾರ್ಡು, ಪಹಣಿಯಲ್ಲಿ ಹೆಸರು ತಿದ್ದುಪಡಿ, ಮಾನ್ವಿ ತಾಲ್ಲೂಕಿನ ಅರ್ಧ ಜನರ ಕಷ್ಟ ನನ್ನ ಕೈಬರಹದಲ್ಲೇ ಸರ್ಕಾರಕ್ಕೆ ಮುಟ್ಟಿದ್ದು. ನಮ್ಮ ಓಣಿಯಲ್ಲಿ ಮೊದಲು ಅಕ್ಷರ ಕಲಿತವನು ನಾನೇ ಎಂಬ ಜಂಬ ನನಗೆ ಎಷ್ಟಿತ್ತೆಂದು ನಿನಗೇ ಗೊತ್ತು. ಇವತ್ತು ನನ್ನ ಅರ್ಜಿಯನ್ನು ನಾನೇ ಬರೆಯಲು ಕೂತಿದ್ದೇನೆ. ನಿನಗೆ ಗೊತ್ತಿರುವ ಸಂಗತಿಯನ್ನೂ ಮೊದಲಿನಿಂದ ಹೇಳುತ್ತೇನೆ. ಅರ್ಜಿ ಬರೆಯುವವರ ಚಾಳಿ ಅದು, ಬೇಜಾರು ಮಾಡಿಕೊಳ್ಳಬೇಡ.

ನಿನ್ನ ಅಪ್ಪ ಶೇಖರ ತೀರಿಕೊಂಡ ಮೇಲೆ ದುರುಗಮ್ಮನಿಗೆ ತಿಂಗಳಿಗೆ ಎಂಟುನೂರು ವಿಧವಾ ವೇತನ, ಅದರ ಮೇಲೆ ಗೃಹಲಕ್ಷ್ಮಿಯ ಎರಡು ಸಾವಿರ, ಎರಡೂ ಬ್ಯಾಂಕಿನ ಒಂದೇ ಖಾತೆಗೆ ಬರುತ್ತಿದ್ದವು. ಕೂಲಿ ಸಿಗಲಿ ಬಿಡಲಿ, ಮನೆಯ ಜೋಳ, ಎಣ್ಣೆ, ನಿನ್ನ ಹಾಸ್ಟೆಲಿನ ಖರ್ಚು ಅದರಲ್ಲೇ ನಡೆಯಬೇಕು. ನಿನ್ನನ್ನು ನರ್ಸಿಂಗಿಗೆ ಸೇರಿಸುವಾಗ ಪಕ್ಕದ ಮನೆ ದಾವಲ್ ಬೀಯ ಸಂಘದಲ್ಲಿ ಐವತ್ತು ಸಾವಿರ ಫೈನಾನ್ಸ್ ಕಂಪನಿ ಸಾಲ ತೆಗೆದೆವು. ಹತ್ತು ಜನ ಹೆಂಗಸರು, ಒಬ್ಬರಿಗೊಬ್ಬರು ಜಾಮೀನು, ಎಲ್ಲರಿಗೂ ದಾವಲ್ ಬೀ ಮುಖ್ಯಸ್ಥೆ. ತಿಂಗಳಿಗೆ ಎರಡು ಸಾವಿರದ ಆರುನೂರ ಐವತ್ತು ಕಂತು. ಕಂಪನಿಯ ಅಮರೇಶ ಬೈಕಿನಲ್ಲಿ ಬಂದು ಆಕೆಯ ಕಟ್ಟೆಯ ಮೇಲೆ ಕೂತು ವಸೂಲಿ ಮಾಡುತ್ತಿದ್ದ. ಕೂಲಿಯ ದುಡ್ಡು ಕಂತಿಗೆ, ಸರ್ಕಾರದ ದುಡ್ಡು ಹೊಟ್ಟೆಗೆ ಮತ್ತು ನಿನಗೆ ಎಂದು ನಾವು ಮಾತಾಡಿಕೊಂಡಿದ್ದೆವು. ಜೂನ್, ಜುಲೈಯಲ್ಲಿ ಸೊಂಟ ಹಿಡಿದು ದುರುಗಮ್ಮ ಹಾಸಿಗೆ ಹಿಡಿದಳು, ಎರಡು ಕಂತು ತಪ್ಪಿದವು. ಆಗಸ್ಟಿನಿಂದ ಎದ್ದು ಮತ್ತೆ ಕೈಯಾರೆ ಕಟ್ಟತೊಡಗಿದಳು. ಆದರೆ ಅದೇ ಆಗಸ್ಟಿನಿಂದ, ಖಾತೆಗೆ ಬಂದ ಸರ್ಕಾರದ ದುಡ್ಡು ಬಂದ ದಿನವೇ ಮಾಯವಾಗಲು ಶುರುವಾಯಿತು.

ಮೊದಲ ಸಂಶಯ ದಾವಲ್ ಬೀಯ ಮೇಲೆ. ಹತ್ತೂ ಜನರ ಆಧಾರಿನ ಜೆರಾಕ್ಸು, ಪಾಸ್‌ಬುಕ್ಕಿನ ಜೆರಾಕ್ಸು ಇರುವುದು ಆಕೆಯ ಟ್ರಂಕಿನಲ್ಲಿ. ಸಾಲದ್ದಕ್ಕೆ ಹೊಸ ಮಿಕ್ಸರ್ ತಂದಿದ್ದಳು. ಮೂವತ್ತು ವರ್ಷದಿಂದ ರಂಜಾನಿಗೆ ತಪ್ಪದೆ ಸುರಕುಂಬಾ ಪಾಯಸ ಕಳಿಸಿದ ಮನೆ ಅದು. ಆದರೂ ನಾನು ಅಂಗಳದಲ್ಲಿ ನಿಂತು, ಆಕೆಗೆ ಕೇಳಲೆಂದೇ ದನಿ ಎತ್ತಿ, "ಊರೋರ ಜೆರಾಕ್ಸ್ ಇಟ್ಕೊಂಡೋರ ಮನ್ಯಾಗ ಮಿಕ್ಸರ್ ತಾನ ಬರ್ತಾವ ಬಿಡು" ಎಂದೆ. ಆಕೆ ಹೊರಗೆ ಬಂದು ಸೆರಗು ಮುಂದೆ ಮಾಡಿ, "ಮಾಮೂ, ನಿಮ್ಮ ಸೊಸಿ ರೊಕ್ಕ ನಾ ಮುಟ್ಟಿದ್ರ ನನ್ನ ಕೈ ಬಿದ್ದು ಹೋಗ್ಲಿ. ಮಿಕ್ಸರ್ ನನ್ನ ಅಳಿಯ ತಂದಾನ" ಎಂದಳು. ಕಣ್ಣಲ್ಲಿ ನೀರಿತ್ತು. ನನಗೆ ಆ ನೀರಿನ ಮೇಲೂ ಅನುಮಾನ. ಅವತ್ತಿನಿಂದ ಆಕೆ ನಮ್ಮ ಕಡೆಯ ಕಿಟಕಿ ತೆರೆಯಲಿಲ್ಲ.

ಎರಡನೆಯ ಸಂಶಯ, ಹೇಳಲು ನಾಚಿಕೆ, ನಿನ್ನ ಅವ್ವನ ಮೇಲೆ. ತವರಿಗೆ ಕಳಿಸುತ್ತಿರಬಹುದೇ? ಪಾಸ್‌ಬುಕ್ಕನ್ನು ಪೆಟ್ಟಿಗೆಯಲ್ಲಿ ನನ್ನ ಧೋತರದ ಕೆಳಗಿಟ್ಟು, ಅದರ ಮೇಲೆ ಒಂದು ಹುಣಸೆ ಬೀಜ ಇಟ್ಟೆ. ಯಾರಾದರೂ ತೆಗೆದರೆ ಬೀಜ ಬೀಳಬೇಕು, ನನಗೆ ತಿಳಿಯಬೇಕು. ಎರಡು ದಿನ ಬಿಟ್ಟು ನೋಡಿದರೆ ಬೀಜವೇ ಇಲ್ಲ. ಅವತ್ತು ಆಕೆ ಬಡಿಸಿದ ರೊಟ್ಟಿಯನ್ನು ಮುಖ ನೋಡದೆ ತಿಂದೆ. ಮೂರನೆಯ ದಿನ ಅದೇ ಪೆಟ್ಟಿಗೆಯಿಂದ ಇಲಿ ಹಾರಿತು. ಧೋತರ ತೂತು, ಮೂಲೆಯಲ್ಲಿ ಬೀಜದ ಸಿಪ್ಪೆ. ನಗಬೇಡ. ನಕ್ಕರೂ ನಗು, ನಿನ್ನ ಅವ್ವನಿಗೆ ಮಾತ್ರ ಹೇಳಬೇಡ.

ಮೂರನೆಯವನು ಯಲ್ಲಾಲಿಂಗ. ಬಸ್ ಸ್ಟ್ಯಾಂಡಿನ ಹತ್ತಿರ ಹೆಬ್ಬೆಟ್ಟಿನ ಯಂತ್ರ ಇಟ್ಟುಕೊಂಡು ಬ್ಯಾಂಕಿನ ದುಡ್ಡು ಕೊಡುತ್ತಾನಲ್ಲ, ಅವನೇ. ಹತ್ತಿ ಬಿಡಿಸಿದ ಬೆರಳಿನ ಗೆರೆ ಯಂತ್ರಕ್ಕೆ ಬೇಗ ಹತ್ತುವುದಿಲ್ಲ. "ಯವ್ವಾ, ಇನ್ನೊಮ್ಮಿ ಒತ್ತು, ಒರಸಿ ಒತ್ತು" ಎಂದು ನಾಲ್ಕು ಸಲ ಒತ್ತಿಸಿ ಕೊನೆಗೆ ಖಾತೆಯಲ್ಲಿ ನೂರೈವತ್ತೇ ಅದ ಎಂದ. ಒತ್ತಿಸಿದ್ದು ನಾಲ್ಕು ಸಲ, ದುಡ್ಡು ಒಂದು ಸಲದ್ದೂ ಇಲ್ಲ. ಉಳಿದ ಒತ್ತುಗಳು ಎಲ್ಲಿಗೆ ಹೋದವು ಎಂದು ಅಂಗಡಿಯ ಮುಂದೆ ಜಗಳ ತೆಗೆದೆ. ಪಾಪ, ಅವನು ಗಿರಾಕಿಗಳನ್ನು ನಿಲ್ಲಿಸಿ ನನ್ನನ್ನು ಒಳಗೆ ಕೂಡಿಸಿ ಪಾಸ್‌ಬುಕ್ಕಿನ ಸಾಲುಗಳ ಮೇಲೆ ಬೆರಳಿಟ್ಟ. "ತಾತಾ, ಇದು ಹೆಬ್ಬೆಟ್ಟಿನ್ಯಾಗ ಹೋಗಿಲ್ರೀ, ಆನ್‌ಲೈನಿನ್ಯಾಗ ಹೋಗ್ಯದ. ಈ ಖಾತಿಗೆ ಯಾರ ಫೋನ್ ನಂಬರ್ ಹಚ್ಚೀರಿ? ಮೊದ್ಲ ಅವರ್ನ ಕೇಳ್ರಿ" ಎಂದ.

ಖಾತೆಗೆ ಹಚ್ಚಿದ್ದು ನಿನ್ನ ನಂಬರು, ಮೌನೇಶ್ವರಿ.

ಮನೆಗೆ ಬರುವ ದಾರಿಯಲ್ಲೇ ನಾನು ನಿನ್ನನ್ನು ತಪ್ಪಿತಸ್ಥೆ ಮಾಡಿ ಮುಗಿಸಿದ್ದೆ. ಸೆಪ್ಟೆಂಬರಿನಲ್ಲಿ ನೀನು ಹಳೆ ಸಿಮ್ ಬಿಟ್ಟು ಹೊಸ ನಂಬರು ತೆಗೆದುಕೊಂಡಿದ್ದೆ. ಯಾಕೆ ಎಂದು ಕೇಳಿದರೆ "ಸುಮ್ನ ತಾತಾ, ನೆಟ್‌ವರ್ಕ್ ಬರಲ್ಲ" ಎಂದಿದ್ದೆ. ದೀಪಾವಳಿಗೆ ಬಂದಾಗ ಕಾಲಲ್ಲಿ ಬಿಳಿ ಬೂಟು. ಇನ್ನೇನು ಬೇಕು ಈ ಅನುಮಾನದ ಮುದುಕನಿಗೆ? ಹಬ್ಬದ ಮರುದಿನ ನೀನು ಹೊರಡಲು ಸಿದ್ಧಳಾಗಿದ್ದಾಗ ನಿನ್ನ ಬ್ಯಾಗನ್ನು ಚಾಪೆಯ ಮೇಲೆ ಸುರಿದೆ. ಪೊಲೀಸರು ಮನೆ ಶೋಧಿಸಿದಾಗ ಸಾಕ್ಷಿಗಳ ಮುಂದೆ ಬರೆಯುವ ಪಂಚನಾಮೆಯನ್ನು ನನ್ನ ಮೊಮ್ಮಗಳ ಬ್ಯಾಗಿಗೆ ಬರೆದೆ. ಪುಸ್ತಕ ಮೂರು. ಬಿಳಿ ಕೋಟು ಒಂದು, ಕಾಲರ್ ಸವೆದಿದೆ. ಚಾರ್ಜರ್ ಒಂದು. ಶೇಂಗಾ ಪುಡಿ ಒಂದು ಡಬ್ಬಿ. ಬಿಳಿ ಬೂಟು ಒಂದು ಜೊತೆ, ತುದಿಯಲ್ಲಿ ಹತ್ತಿ ತುರುಕಿದೆ, ಏನನ್ನೋ ಬಚ್ಚಿಟ್ಟಿದ್ದ ಸಂಶಯವಿದೆ. ಹೀಗೆಯೇ ಬರೆದಿದ್ದೇನೆ, ಒಂದಕ್ಷರ ತಪ್ಪಿಲ್ಲ. ಕೆಳಗೆ ಪೆನ್ಸಿಲಿನಲ್ಲಿ ಇಂಟು ಗುರುತು ಹಾಕಿ "ಇಲ್ಲಿ ಸಹಿ ಮಾಡು" ಎಂದೆ. ನೀನು ಓದಲೂ ಇಲ್ಲ. ಬಗ್ಗಿ ಸಹಿ ಮಾಡಿ, ಬ್ಯಾಗು ತುಂಬಿಕೊಂಡು, ನನ್ನ ಕಾಲು ಮುಟ್ಟದೆ ಹೋದೆ. ಹದಿನೆಂಟು ವರ್ಷದಲ್ಲಿ ಮೊದಲ ಸಲ.

ಬಸ್ಸು ಹೋದ ಮೇಲೆ ದುರುಗಮ್ಮ ಬಂದು ಬಾಗಿಲಲ್ಲಿ ನಿಂತಳು. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ನನಗೆ ಎದುರು ಮಾತಾಡಿದವಳಲ್ಲ. "ಮಾವಾ, ಆ ಬೂಟು ಮೆಹನಾಜಂದು. ಆಕಿ ಕಾಲು ದೊಡ್ಡದು. ನನ್ನ ಮಗಳ ಕಾಲಿಗೆ ನಿಲ್ಲಂಗಿಲ್ಲ ಅಂತ ಹತ್ತಿ ಇಟ್ಕೊಂಡಾಳ. ಹತ್ತಿ ನಾನ ಕೊಟ್ಟೀನಿ" ಎಂದಳು. ಅಷ್ಟೇ. ಒಳಗೆ ಹೋದಳು. ನಾನು ಆಗಲೂ ಪೂರ್ತಿ ನಂಬಲಿಲ್ಲ ನೋಡು. ಬೂಟು ಸರಿ, ಆದರೆ ಸಿಮ್ ಯಾಕೆ ಬದಲಾಯಿಸಿದಳು ಎಂದು ಮನಸ್ಸು ಗುಣುಗುಣು ಅನ್ನುತ್ತಲೇ ಇತ್ತು. ಎಂಥ ಕೆಟ್ಟ ಬುದ್ಧಿ ನನ್ನದು!

ಹೋದ ವಾರ ಅಮರೇಶ ಬಂದ. ದಾವಲ್ ಬೀಯ ಕಟ್ಟೆಗಲ್ಲ, ನೇರ ನಮ್ಮ ಹೊಸ್ತಿಲಿಗೇ. ದುರುಗಮ್ಮ ಹೊಲದಲ್ಲಿದ್ದಳು. ಅವನು ಬೈಕಿನ ಬೀಗದ ಕೈ ತಿರುಗಿಸುತ್ತಾ, "ತಾತಾ, ನಿಮ್ಮ ಮೊಮ್ಮಗಳು ಭಾಳ ಶಾಣ್ಯಾಕಿ ಬಿಡ್ರಿ. ದಿನಾ ಹತ್ತತ್ತು ಸಲ ಫೋನ್ ಹಚ್ಚೀವಿ. ಕ್ಲಾಸಿನ್ಯಾಗ ಅದೀನಿ, ವಾರ್ಡಿನ್ಯಾಗ ಅದೀನಿ ಅಂತಿದ್ಲು. ಆಮ್ಯಾಲ ನಂಬರೇ ಬಂದ್ ಮಾಡ್ಯಾಳ" ಎಂದ. ಸಾಲದ ಫಾರಮ್ಮಿನಲ್ಲಿ ನಿನ್ನ ನಂಬರು ಬರೆಸಿದ್ದು ನಾನೇ. ಜೂನ್‌ನಿಂದ ಆ ಫೋನುಗಳನ್ನೆಲ್ಲ ನೀನೊಬ್ಬಳೇ ನುಂಗಿಕೊಂಡೆ, ನಮಗೆ ಹೇಳಲಿಲ್ಲ. ಮೌನೇಶ್ವರಿ ಎಂದು ಹೆಸರಿಟ್ಟವನು ನಾನು, ಆದರೆ ಇಷ್ಟು ಸುಮ್ಮನಿರಬಾರದಿತ್ತವ್ವಾ. ಅಷ್ಟರಲ್ಲಿ ಅವನು ಮತ್ತೊಂದು ಮಾತು ಜಾರಿಸಿದ: "ಬ್ಯಾಂಕಿನ್ಯಾಗ ಬಂದಷ್ಟು ಬಂದದ, ಉಳಿದದ್ದು ಕೈಲೆ ಕೊಡ್ರಿ." ಬ್ಯಾಂಕಿನಲ್ಲಿ ಬಂದಷ್ಟು ಅಂದ್ರೇನಲೇ ಎಂದು ಎದ್ದೆ. ಅವನು ಗಕ್ಕನೆ ಬಾಯಿ ಮುಚ್ಚಿ, "ದೇವದುರ್ಗ ಬ್ರಾಂಚಿನ್ಯಾಗ ಕೇಳ್ರಿ, ಕಾಗದ ಎಲ್ಲಾ ಅಲ್ಲೇ ಅದಾವ" ಎಂದು ಬೈಕ್ ಒದ್ದ.

ಮರುದಿನ ಸಿರವಾರದ ಮೇಲೆ ಹೋಗುವ ಬಸ್ಸು ಹಿಡಿದು ದೇವದುರ್ಗಕ್ಕೆ ಹೋದೆ. ಕಂಪನಿಯ ಕಚೇರಿ ಒಂದು ಗೊಬ್ಬರದ ಅಂಗಡಿಯ ಮೇಲಿದೆ. ಮೆಟ್ಟಿಲು ಹತ್ತುವಾಗ ಮೂರು ಕಡೆ ಕೂತೆ. ಸಾಹೇಬರು ಇಲ್ಲ, ನಾಳೆ ಬನ್ನಿ ಎಂದರು. ಆ ಮಾತನ್ನು ನಾನು ನಲವತ್ತು ವರ್ಷ ಕೇಳಿದ್ದೇನೆ, ಅದಕ್ಕೆಲ್ಲ ಬಗ್ಗುವವನಲ್ಲ. ನಾಳೆಯವರೆಗೂ ಇಲ್ಲೇ ಕೂಡುತ್ತೇನೆ, ಊಟದ ಬುತ್ತಿ ತಂದಿದ್ದೇನೆ ಎಂದು ಗಂಟು ಬಿಚ್ಚಿದೆ. ಒಬ್ಬ ಹೆಣ್ಣುಮಗಳು, ಗುಮಾಸ್ತೆ ಇರಬೇಕು, ಕಡತ ತಂದು ಮುಂದಿಟ್ಟಳು. ಏಳನೆಯ ಹಾಳೆ, ಪೂರಾ ಇಂಗ್ಲಿಷು. ಆಕೆಯೇ ಓದಿ ಹೇಳಿದಳು: ಕಂತು ತಪ್ಪಿದರೆ ಈ ಖಾತೆಗೆ ಯಾವ ದುಡ್ಡು ಬಂದರೂ ಕಂಪನಿ ತಾನೇ ಎಳೆದುಕೊಳ್ಳಲು ಸಾಲ ಪಡೆದವಳ ಒಪ್ಪಿಗೆ ಇದೆ. ತಪ್ಪಿದ ಎರಡು ಕಂತಿಗೆ, ಅದರ ಮೇಲಿನ ದಂಡಕ್ಕೆ, ದಂಡದ ಮೇಲಿನ ಇನ್ನೇನಕ್ಕೋ ಎಂದು ಮೂರು ತಿಂಗಳು ಎಳೆದಿದ್ದಾರೆ. ಅತ್ತ ದುರುಗಮ್ಮ ಕೈಯಿಂದಲೂ ಕಟ್ಟುತ್ತಿದ್ದಳು, ಇತ್ತ ಖಾತೆಯಿಂದಲೂ ಹೋಗುತ್ತಿತ್ತು. ಹಾಳೆಯ ಕೆಳಗೆ ಪೆನ್ಸಿಲಿನ ಇಂಟು ಗುರುತು, ಅದರ ಮೇಲೆ ದುರುಗಮ್ಮನ ಸಹಿ. ಪಕ್ಕದಲ್ಲಿ ಇನ್ನೊಂದು ಗುರುತು, ಅದರ ಮೇಲೆ ಸಾಕ್ಷಿಯ ಸಹಿ. ಮುತ್ತಿನಂಥ ಅಕ್ಷರ, ನನ್ನದೇ. ಪಕೀರಪ್ಪ, ಅರ್ಜಿ ಬರಹಗಾರರು, ಮಾನ್ವಿ.

ಮೌನೀ, ಆ ದಿನ ನನಗೆ ಚೆನ್ನಾಗಿ ನೆನಪಿದೆ. ದಾವಲ್ ಬೀಯ ಮನೆಯಲ್ಲಿ ಹತ್ತು ಹೆಂಗಸರು ಫಾರಮ್ಮು ಹಿಡಿದು ಕೂತಿದ್ದರು. "ಮಾಮೂ ಓದಿದ್ರ ಸಾಕು, ನಾವು ಸಹಿ ಮಾಡ್ತೀವಿ" ಎಂದರು. ನಾನು ಕನ್ನಡಕ ಹಾಕಿಕೊಂಡು ಮೊದಲ ನಾಲ್ಕು ಹಾಳೆ ದೊಡ್ಡದಾಗಿ ಓದಿದೆ, ಅವು ಕನ್ನಡದಲ್ಲಿದ್ದವು. ಐದನೆಯದರಿಂದ ಇಂಗ್ಲಿಷು. ನನಗೆ ಇಂಗ್ಲಿಷು ಓದಲು ಬರುವುದಿಲ್ಲ ಎಂದು ಅಷ್ಟು ಜನರ ಮುಂದೆ ಹೇಳಲು ನಾಲಿಗೆ ಏಳಲಿಲ್ಲ. ಅಮರೇಶ ಎಲ್ಲ ಹಾಳೆಗೂ ಮೊದಲೇ ಪೆನ್ಸಿಲಿನಲ್ಲಿ ಗುರುತು ಹಾಕಿದ್ದ, ಥೇಟ್ ನಾನು ಹಾಕುವ ಹಾಗೆ. ನಾನೂ ಹಾಗೇ ತಾನೇ? ಓದು ಬಾರದ ಮುದುಕಿಗೆ "ಯವ್ವಾ, ಗುರ್ತು ಹಾಕೀನಿ ನೋಡು, ಅದರ ಮ್ಯಾಲ ಹೆಬ್ಬೆಟ್ಟು ಒತ್ತು" ಎನ್ನುತ್ತಿದ್ದೆ. ನಲವತ್ತು ವರ್ಷ ಒಬ್ಬರೂ ನನ್ನನ್ನು ಇದರಲ್ಲೇನು ಬರೆದೀಯಪ್ಪಾ ಎಂದು ಕೇಳಲಿಲ್ಲ, ನಾನೂ ಮೋಸ ಮಾಡಲಿಲ್ಲ. ಅದಕ್ಕೇ ಆ ಗುರುತು ಕಂಡ ಕೂಡಲೇ ಇವನು ಪದ್ಧತಿ ಗೊತ್ತಿರುವ ಮನುಷ್ಯ ಎಂದು ಅಮರೇಶನನ್ನು ಎಲ್ಲರ ಮುಂದೆ ಹೊಗಳಿದೆ. ಊರನ್ನೆಲ್ಲ ಅನುಮಾನದಿಂದ ನೋಡುವ ನಾನು ಆ ಪೆನ್ಸಿಲ್ ಗುರುತನ್ನು ಮಾತ್ರ ನಂಬಿದೆ. ದೇವದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಕೂತು ಅತ್ತೆ. ಬುತ್ತಿ ಹಾಗೇ ಉಳಿಯಿತು.

ಅಳುವುದು ಮುಗಿದ ಮೇಲೆ ಸಿಟ್ಟು ಬಂತು, ಸಿಟ್ಟು ಬಂದ ಮೇಲೆ ಕೈ ಓಡಿತು. ಮಾನ್ವಿಯ ಬ್ಯಾಂಕಿಗೆ ಅರ್ಜಿ ಬರೆದೆ: ಈ ಖಾತೆಗೆ ಬರುವುದು ವಿಧವಾ ವೇತನ ಮತ್ತು ಗೃಹಲಕ್ಷ್ಮಿ, ಇದರಿಂದ ಕಂಪನಿಗೆ ದುಡ್ಡು ಎಳೆಯಲು ಕೊಟ್ಟ ಒಪ್ಪಿಗೆಯನ್ನು ವಾಪಸು ಪಡೆದಿದ್ದೇವೆ. ದುರುಗಮ್ಮನಿಗೆ ಎರಡು ಸಲ ಓದಿ ಹೇಳಿ, ಆಕೆ ತಿರುಗಿ ನನಗೆ ಅರ್ಥ ಹೇಳಿದ ಮೇಲೆಯೇ ಸಹಿ ಹಾಕಿಸಿದೆ. ನಕಲಿನ ಮೇಲೆ ಬ್ಯಾಂಕಿನ ಮೊಹರು ಬೀಳುವವರೆಗೂ ಕಿಟಕಿ ಬಿಡಲಿಲ್ಲ. ಸಾಲ ಮುಳುಗಿಸುವ ಬುದ್ಧಿ ನಮ್ಮದಲ್ಲ. ಅಮರೇಶನಿಗೆ ಹೇಳಿದ್ದೇನೆ: ಹಗಲು ಹೊತ್ತಿನಲ್ಲಿ ಬಾ, ದಾವಲ್ ಬೀಯ ಕಟ್ಟೆಗೆ ಬಾ, ಕೂಲಿಯ ದುಡ್ಡಿನಿಂದ ಕಂತು ತಗೋ, ರಸೀದಿ ಕೊಡು, ನನ್ನ ಸೊಸೆಯ ವೇತನಕ್ಕೆ ಕೈ ಹಾಕಬೇಡ, ನನ್ನ ಮೊಮ್ಮಗಳಿಗೆ ಫೋನ್ ಹಚ್ಚಬೇಡ, ಹಚ್ಚಿದರೆ ಮುಂದಿನ ಅರ್ಜಿ ಪೊಲೀಸ್ ಠಾಣೆಗೆ. "ತಾತಾ, ನನಗೂ ಮ್ಯಾಲಿನೋರು ಟಾರ್ಗೆಟ್ ಕೊಟ್ಟಾರ್ರೀ" ಎಂದ. ಇರಬಹುದು. ನಿನ್ನ ಟಾರ್ಗೆಟ್ ನನ್ನ ಸೊಸೆಯ ಗಂಜಿಯಲ್ಲಿ ಯಾಕೆ ಬಂತು ಎಂದೆ. ದಾವಲ್ ಬೀಯ ಮನೆಗೂ ಹೋಗಿ, ತಪ್ಪಾಯಿತವ್ವಾ ಎಂದು ಹೊಸ್ತಿಲಲ್ಲೇ ಹೇಳಿದೆ. "ಒಳಗ ಬರ್ರಿ ಮಾಮೂ, ಚಾ ಕುಡಿರಿ ಮೊದ್ಲ" ಎಂದಳು. ಹೊಸ ಮಿಕ್ಸರಿನಲ್ಲಿ ಪುಡಿ ಮಾಡಿದ ಶುಂಠಿ ಹಾಕಿದ್ದಳು. ಚೆನ್ನಾಗಿತ್ತು. ಉಳಿದ ಒಂಬತ್ತು ಜನರ ಏಳನೆಯ ಹಾಳೆಗೂ ನಾನೇ ಅರ್ಜಿ ಬರೆದುಕೊಡುತ್ತಿದ್ದೇನೆ, ಪುಕ್ಕಟೆ.

ಇನ್ನು ನಿನಗೆ. ನಾನು ನಿನ್ನನ್ನು ಕಳ್ಳಿ ಎಂದುಕೊಂಡೆ. ಬಾಯಿಂದ ಅನ್ನದಿದ್ದರೂ ಕಾಗದದ ಮೇಲೆ ಬರೆದೆ, ನಮ್ಮ ಮನೆಯಲ್ಲಿ ಅದು ಇನ್ನೂ ಕೆಟ್ಟದ್ದು. ಆ ಪಂಚನಾಮೆಯನ್ನು ಒಲೆಗೆ ಹಾಕಲು ಹೋಗಿದ್ದೆ, ದುರುಗಮ್ಮ ಕೈ ಹಿಡಿದಳು: "ಸುಡಬ್ಯಾಡ್ರಿ ಮಾವಾ. ಬರದೋರು ಸುಟ್ರ ಏನು ಬಂತು, ಸಹಿ ಮಾಡಿದಾಕಿ ಹರೀಲಿ." ಅದಕ್ಕೆ ಇದರ ಜೊತೆ ಕಳಿಸಿದ್ದೇನೆ. ಪೆನ್ಸಿಲ್ ಗುರುತನ್ನು ರಬ್ಬರಿನಿಂದ ಅಳಿಸಿದೆ. ನಿನ್ನ ಸಹಿ ಪೆನ್ನಿನದು, ಅಳಿಯಲಿಲ್ಲ. ಮೆಹನಾಜಳಿಗೆ ಹೇಳು, ಆಕೆ ಕೊಟ್ಟ ಬೂಟಿನ ಮೇಲೆ ಸಂಶಯಪಟ್ಟ ಮುದುಕ ಆಕೆಯ ಕ್ಷಮೆ ಕೇಳಿದ್ದಾನೆ ಎಂದು. ಚೆನ್ನಾಗಿ ಓದು, ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಅವ್ವ, ದಾವಲ್ ಬೀ ಇಬ್ಬರೂ ನಿನ್ನನ್ನು ಬಹಳ ನೆನೆಸಿದ್ದಾರೆ. ನೂರು ವರ್ಷ ಸುಖವಾಗಿ ಬಾಳು ನನ್ನವ್ವಾ.

ನಿನ್ನ ತಾತ,
ಪಕೀರಪ್ಪ

ತಾ.ಕ.: ಅಂಚೆಯವರು ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಬ್ಯಾಂಕಿನ ಮೊಹರನ್ನೂ ನಾನು ಪೂರ್ತಿ ನಂಬಿಲ್ಲ, ಅದಕ್ಕೆ ಅಂಚೆ ಕಚೇರಿಯಲ್ಲಿ ದುರುಗಮ್ಮನ ಹೆಸರಿಗೆ ಹೊಸ ಖಾತೆ ತೆಗೆದು ಆಧಾರನ್ನು ಅದಕ್ಕೇ ಹಚ್ಚಿಸುತ್ತಿದ್ದೇವೆ. ಮುಂದಿನ ವೇತನ ಅಲ್ಲಿಗೇ ಬಂದರೆ ಕಂಪನಿಯ ಕೈಗೆ ಸಿಗುವುದಿಲ್ಲ. ತಿಂಗಳೊಳಗೆ ಆಗಬೇಕು. ಫಾರಮ್ಮಿನಲ್ಲಿ ಫೋನ್ ನಂಬರಿನ ಜಾಗವಿದೆ. ನನ್ನದು ಬರೆಯಲು ಹೋದರೆ ನಿನ್ನ ಅವ್ವ ತಡೆದಳು: "ನಿಮಗ ಇಂಗ್ಲಿಷ್ ಓದಾಕ ಬರಂಗಿಲ್ಲ ಮಾವಾ, ನನ್ನ ಮಗಳಿಗೆ ಬರ್ತದ." ನಿನ್ನ ಹೊಸ ನಂಬರು ನನಗೆ ಬಾಯಿಪಾಠ, ಆದರೂ ನಿನ್ನನ್ನು ಕೇಳದೆ ಬರೆಯಲಿಲ್ಲ. ಫಾರಮ್ಮು ಇದರೊಳಗೇ ಇದೆ. ಎರಡೂ ಕಡೆ ಓದು. ಮನಸ್ಸಿಗೆ ಬಂದರೆ ನಿನ್ನ ಕೈಯಿಂದಲೇ ನಂಬರು ತುಂಬಿ ಕಳಿಸು, ಇಲ್ಲವಾದರೆ ಖಾಲಿ ಕಳಿಸು, ನಾನು ಯಾಕೆ ಎಂದು ಕೇಳುವುದಿಲ್ಲ. ಎಲ್ಲಿಯೂ ಪೆನ್ಸಿಲ್ ಗುರುತು ಹಾಕಿಲ್ಲ.